ವಿಲಾಂದ್ರಿ ಉದ್ಯಾನ: ಜೀರ್ಣೋದ್ಧಾರವೋ ಹೊಸ ರಚನೆಯೋ?

ಫ್ರಾನ್ಸಿನ ಲುವಾರ್ ಕಣಿವೆಯಲ್ಲಿ, ತೂರ್ ನಗರದ ಪಶ್ಚಿಮಕ್ಕಿರುವ ವಿಲಾಂದ್ರಿ ಕೋಟೆಯ ಉದ್ಯಾನವನ್ನು ಹದಿನಾರನೆಯ ಶತಮಾನದ ರಿನೆಸಾನ್ಸ್ ಉದ್ಯಾನವೆಂದು ಪರಿಚಯಿಸುವುದು ವಾಡಿಕೆ. ಕಟ್ಟಡದ ಮಟ್ಟಿಗೆ ಈ ಕಾಲನಿರ್ಣಯ ಸರಿ. ದೊರೆ ಒಂದನೆಯ ಫ್ರಾನ್ಸ್ವಾನ ಹಣಕಾಸು ಮಂತ್ರಿಗಳಲ್ಲೊಬ್ಬನಾದ ಝಾನ್ ಲ ಬ್ರೆತೋನ್ 1530ರ ದಶಕದಲ್ಲಿ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಚೌಕಾಕಾರದ ಗೋಪುರವನ್ನಷ್ಟೇ ಉಳಿಸಿಕೊಂಡು ಈಗಿನ ಸೌಧ ಕಟ್ಟಿಸಿದ. ಉದ್ಯಾನಕ್ಕೆ ಈ ವಯಸ್ಸು ಅನ್ವಯಿಸುವುದಿಲ್ಲ ಎಂಬುದು ಈ ಲೇಖನದ ವಾದ.

1754ರಲ್ಲಿ ಕಾಸ್ಟೆಲಾನ್ ಮಾರ್ಕ್ವಿಸ್ ಈ ಆಸ್ತಿಯ ಒಡೆಯನಾಗಿ ಕಟ್ಟಡವನ್ನು ತನ್ನ ಕಾಲದ ಅಭಿರುಚಿಗೆ ತಿದ್ದಿಸಿದ. ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಮಡಿಗಳು ಅಳಿಸಿಹೋಗಿ, ಕೋಟೆಯ ಸುತ್ತ ಆಂಗ್ಲ ಮಾದರಿಯ ಹುಲ್ಲುಹಾಸು, ಮರಗಳ ಉಪವನ ಬಂತು. 1906ರಲ್ಲಿ ಇದನ್ನು ಕೊಂಡವರು ಸ್ಪೇನಿನ ವೈದ್ಯ ಜೋಕಿಮ್ ಕಾರ್ವಾಯೋ ಮತ್ತು ಅಮೆರಿಕದ ಆನ್ ಕೋಲ್ಮನ್ ದಂಪತಿ. ಮುಂದೆ ನೊಬೆಲ್ ಪಡೆದ ಶಾರ್ಲ್ ರಿಶೆಯ ಪ್ರಯೋಗಾಲಯದಲ್ಲಿ ಇಬ್ಬರೂ ಸಂಶೋಧನೆಯಲ್ಲಿದ್ದವರು. ಪ್ರಯೋಗಾಲಯ ಬಿಟ್ಟು ಬಂದ ಕಾರ್ವಾಯೋ ಉಪವನವನ್ನು ತೆಗೆಸಿ, 1908ರಿಂದ 1918ರ ನಡುವೆ ಈಗ ಕಾಣುವ ಉದ್ಯಾನವನ್ನು ರೂಪಿಸಿದರು. ಖರ್ಚಿನ ಭಾರ ಹೊತ್ತದ್ದು ಬಹುಪಾಲು ಪತ್ನಿಯ ಸಂಪತ್ತು. ಉದ್ಯಾನ ಚರಿತ್ರೆಗಳಲ್ಲಿ ಆಕೆಯ ಹೆಸರು ಒಂದು ಸಾಲಿಗೆ ಮುಗಿದುಬಿಡುವುದು ನ್ಯಾಯವಲ್ಲ.

ಕಾರ್ವಾಯೋ ಅವರಿಗೆ ಆಧಾರವಾದದ್ದು ಮುಖ್ಯವಾಗಿ ಎರಡು ಚಿತ್ರಸಂಪುಟಗಳು: ಫ್ರಾನ್ಸಿನ ಶ್ರೇಷ್ಠ ಕಟ್ಟಡಗಳನ್ನು ಕುರಿತು ಆಂದ್ರುಯೆ ದ್ಯು ಸೆರ್ಸೋ 1576 ಮತ್ತು 1579ರಲ್ಲಿ ಪ್ರಕಟಿಸಿದ ಕೆತ್ತನೆಗಳು, ಬೆನೆಡಿಕ್ಟೀನ್ ಮಠಗಳ ನೋಟಗಳಿರುವ ಮೊನಾಸ್ಟಿಕಾನ್ ಗ್ಯಾಲಿಕಾನಮ್. ಇವು ಆ ಕಾಲದ ಮಾದರಿಯನ್ನು ತೋರಿಸಬಲ್ಲವೇ ಹೊರತು ವಿಲಾಂದ್ರಿಯ ಒಂದೊಂದು ಪಾತಿ ಹೇಗಿತ್ತೆಂದು ಹೇಳಲಾರವು. ಆ ತೆರವನ್ನು ತುಂಬಿದ್ದು ಕಾರ್ವಾಯೋ ಅವರ ಸ್ವಂತ ನಂಬಿಕೆ. ಸೃಷ್ಟಿಯಲ್ಲಿ ಮೇಲು ಕೆಳಗಿನ ಶ್ರೇಣಿಯಿದೆ, ಅದನ್ನು ಮರೆಮಾಚುವ ಆಂಗ್ಲ ಉಪವನ ಸುಳ್ಳಾಡುತ್ತದೆ ಎಂಬುದು ಅವರ ನಿಲುವು.

ಈ ನಂಬಿಕೆ ನೆಲದ ಮೇಲೆಯೇ ಓದಸಿಗುತ್ತದೆ. ಮೇಲಿನ ಹಂತದಲ್ಲಿ ಜಲೋದ್ಯಾನ, ನಡುವೆ ಕೋಟೆಯ ದಿವಾನಖಾನೆಗಳ ಮುಂದುವರಿಕೆಯಂತಿರುವ ಅಲಂಕಾರ ತೋಟ, ತೀರ ಕೆಳಗೆ ತರಕಾರಿ ತೋಟ. ಮೇಲಿನ ಕೊಳದ ನೀರೇ ಕೆಳಗಿಳಿದು ಕಂದಕ ಸೇರುತ್ತದೆ. ಅಲಂಕಾರ ತೋಟದ ನಾಲ್ಕು ಚೌಕಗಳಲ್ಲಿ ಕತ್ತರಿಸಿದ ಬಾಕ್ಸ್‌ವುಡ್ ಬೇಲಿಗಳು ಪ್ರೇಮದ ನಾಲ್ಕು ಬಗೆಗಳನ್ನು ಬರೆಯುತ್ತವೆ. ಕೋಮಲ ಪ್ರೇಮಕ್ಕೆ ಹೃದಯ ಮತ್ತು ಜ್ವಾಲೆ, ಉತ್ಕಟ ಪ್ರೇಮಕ್ಕೆ ಒಡೆದ ಹೃದಯ, ಚಂಚಲ ಪ್ರೇಮಕ್ಕೆ ಬೀಸಣಿಗೆ ಮತ್ತು ಕೊಂಬು, ದುರಂತ ಪ್ರೇಮಕ್ಕೆ ಕತ್ತಿಯ ಅಲಗು. ನನ್ನ ಮಟ್ಟಿಗೆ ಇದು ತುಸು ನಾಟಕೀಯ.

ವಿಲಾಂದ್ರಿಯ ನಿಜವಾದ ಸಾಧನೆ ಕೆಳಗಿನ ತರಕಾರಿ ತೋಟ. ಸಮಾನ ಅಳತೆಯ ಒಂಬತ್ತು ಚೌಕಗಳು, ಪ್ರತಿಯೊಂದಕ್ಕೂ ಬೇರೆಯದೇ ರೇಖಾವಿನ್ಯಾಸ. ಲೀಕ್ ಸೊಪ್ಪಿನ ನೀಲಿ, ಕೆಂಪು ಎಲೆಕೋಸು, ಬೀಟ್‌ರೂಟ್ ಎಲೆಗಳ ಕಡುಗೆಂಪು, ಕ್ಯಾರೆಟ್ ಸೊಪ್ಪಿನ ಎಳೆಹಸಿರು ಇಲ್ಲಿ ಹೂವಿನ ಬಣ್ಣಗಳ ಕೆಲಸ ಮಾಡುತ್ತವೆ. ವರ್ಷಕ್ಕೆ ಎರಡು ನಾಟಿ: ಮಾರ್ಚ್‌ನಿಂದ ಜೂನ್‌ವರೆಗೆ ಒಂದು, ಜೂನ್‌ನಿಂದ ನವೆಂಬರ್‌ವರೆಗೆ ಇನ್ನೊಂದು. ಅಂದದ ಲೆಕ್ಕದ ಜೊತೆಗೆ ಬೆಳೆ ಪರಿವರ್ತನೆಯ ಲೆಕ್ಕವೂ ಇದೆ. ಮಣ್ಣಿನ ಸಾರ ಒಂದೇ ಕಡೆ ಬತ್ತದಂತೆ ಒಂದು ಕುಟುಂಬದ ಗಿಡಗಳು ಬೇರೆ ಬೇರೆ ಪಾತಿಗಳಿಗೆ ಸರಿಯುತ್ತವೆ. ಹಾಗಾಗಿ ವಿನ್ಯಾಸಕಾರನ ಬಣ್ಣದ ಆಯ್ಕೆಗೆ ಬೇಸಾಯವೇ ಕಡಿವಾಣ. 2009ರಿಂದ ಇಲ್ಲಿ ಸಾವಯವ ಕೃಷಿ ನಡೆದಿದೆ.

ಮೇಲಿನ ಹಂತದ ದೊಡ್ಡ ಕೊಳದ ಆಕಾರ ಹದಿನೈದನೆಯ ಲೂಯಿ ಕಾಲದ ಕನ್ನಡಿಯದು, ಅಂದರೆ ಹದಿನೆಂಟನೆಯ ಶತಮಾನದ್ದು. ಸೂರ್ಯನ ಉದ್ಯಾನವೆಂಬ ಭಾಗವನ್ನು ಸೇರಿಸಿದ್ದು 2008ರಲ್ಲಿ. ಒಂದೇ ಆವರಣದಲ್ಲಿ ಇಷ್ಟು ಕಾಲಗಳು ಬೆರೆತಿರುವಾಗ ಇಡೀ ಉದ್ಯಾನವನ್ನು ಹದಿನಾರನೆಯ ಶತಮಾನದ ಖಾತೆಗೆ ಹಾಕುವುದು ಕಾರ್ವಾಯೋ ಅವರ ಪ್ರತಿಭೆಗೇ ಅನ್ಯಾಯ. ಉದ್ಯಾನ ಚರಿತ್ರೆಯ ಪಟ್ಟಿಗಳಲ್ಲಿ ವಿಲಾಂದ್ರಿಯ ಮುಂದೆ 1908–1918 ಎಂದು ಬರೆಯುವುದೇ ಸರಿ. ಮಾದರಿ ರಿನೆಸಾನ್ಸ್‌ನದೆಂದು ಟಿಪ್ಪಣಿಯಲ್ಲಿ ಹೇಳಿದರೆ ಸಾಕು.