ಮಾರಿಷಸ್ ದ್ವೀಪದ ಕೂಲಿ ದಫ್ತರಗಳು

ಮಡಗಾಸ್ಕರಿಗೆ ಮೂಡಲಲ್ಲಿ, ಹಿಂದೂ ಮಹಾಸಾಗರದ ನಡುವೆ, ಮಾರಿಷಸ್ ಎಂಬ ಪುಟ್ಟ ದ್ವೀಪವುಂಟು. ಅದರ ರಾಜಧಾನಿಯಾದ ಪೋರ್ಟ್ ಲೂಯಿಯ ಬಂದರಿನಲ್ಲಿ ಹದಿನಾರು ಕಲ್ಲುಮೆಟ್ಟಿಲುಗಳಿವೆ. 1849ರಿಂದೀಚೆಗೆ ಹಡಗಿನಿಂದಿಳಿದ ಭಾರತೀಯ ಕೂಲಿಗಾರರನ್ನು ಈ ಎಡೆಯಲ್ಲಿಯೇ ಎಣಿಸಿ, ಬರೆದುಕೊಂಡು, ತೋಟಗಳಿಗೆ ಹಂಚುತ್ತಿದ್ದರು. ಆ ಸ್ಥಳಕ್ಕೆ ಹಿಂದೆ ಕೂಲಿ ಘಾಟ್ ಎಂದು ಹೆಸರು. ಈಗ ಆಪ್ರವಾಸಿ ಘಾಟ್. ಕನ್ನಡದಲ್ಲಿ ಕೂಲಿಯೆಂದರೆ ದುಡಿಮೆಗೆ ಸಲ್ಲುವ ಸಂಬಳ. ಆ ದ್ವೀಪದಲ್ಲಿಯಾದರೋ ಸಂಬಳದ ಹೆಸರು ಮನುಷ್ಯನಿಗೇ ಅಂಟಿಕೊಂಡಿತು. ಸಂಬಳ ಮಾತ್ರ ಅಷ್ಟಾಗಿ ಅಂಟಲಿಲ್ಲ.

1834ನೆಯ ನವೆಂಬರ್ 2ರಂದು ಅಟ್ಲಾಸ್ ಎಂಬ ಹಡಗು ಕಲ್ಕತ್ತೆಯಿಂದ 36 ಮಂದಿ ಆಳುಗಳನ್ನು ತಂದಿಳಿಸಿತು. ಮೂರು ತಿಂಗಳಿಗೆ, ಎಂದರೆ 1835ನೆಯ ಫೆಬ್ರವರಿ 1ರಂದು, ಗುಲಾಮಗಿರಿಯು ಅಲ್ಲಿ ರದ್ದಾಗಲಿದ್ದುದರಿಂದ ಕಬ್ಬಿನ ತೋಟದ ಒಡೆಯರು ಅಗ್ಗದ ಕೈಗಳನ್ನು ಹುಡುಕುತ್ತಿದ್ದರು. ಮುಂದೆ 1920ರ ವೇಳೆಗೆ ಸುಮಾರು ನಾಲ್ಕೂವರೆ ಲಕ್ಷ ಜನರು ಹೀಗೆ ಬಂದರು. ಬಿಹಾರದವರೇ ಹೆಚ್ಚು, ತಮಿಳರು, ತೆಲುಗರು, ಮರಾಠಿಗರೂ ಉಂಟು. ಐದು ವರ್ಷದ ಕರಾರು, ತಿಂಗಳಿಗೆ ಐದು ರೂಪಾಯಿ. ಒಂದು ದಿನ ತಪ್ಪಿದರೆ ಎರಡು ದಿನದ ಸಂಬಳಕ್ಕೆ ಕತ್ತರಿ.

ಈ ಜನರ ಲೆಕ್ಕವನ್ನು ಸರ್ಕಾರವು ಬಹು ಶ್ರದ್ಧೆಯಿಂದ ಇಟ್ಟಿತು. ಹೆಸರು, ತಂದೆಯ ಹೆಸರು, ವಯಸ್ಸು, ಎತ್ತರ, ಜಾತಿ, ಹುಟ್ಟೂರು ಎಲ್ಲವೂ ದಫ್ತರಕ್ಕೇರಿದವು. 1860ರ ದಶಕದಿಂದ ಭಾವಚಿತ್ರವೂ ಸೇರಿತು. ಇದು ಪ್ರೀತಿಯ ಶ್ರದ್ಧೆಯಲ್ಲ. 1867ರ ಕಾಯಿದೆಯ ಮೇರೆಗೆ ಕರಾರು ಮುಗಿಸಿದವನೂ ಭಾವಚಿತ್ರವಿರುವ ಚೀಟಿಯನ್ನು ಸದಾ ಮೈಮೇಲಿಟ್ಟುಕೊಂಡೇ ತಿರುಗಬೇಕು. ಇಲ್ಲದಿದ್ದರೆ ಅಲೆಮಾರಿಯೆಂದು ಸೆರೆ. ಈ ಕಾಟವನ್ನು ತಾಳಲಾರದೆ 1871ರಲ್ಲಿ 9,000ಕ್ಕೂ ಮೇಲ್ಪಟ್ಟ ವಲಸೆಗಾರರು, ಅಡಾಲ್ಫ್ ಡಿ ಪ್ಲೆವಿಟ್ಸ್ ಎಂಬ ತೋಟಗಾರನ ನೆರವಿನಿಂದ, ಗವರ್ನರಿಗೆ ಮನವಿಯನ್ನೊಪ್ಪಿಸಿದರು. ಮರುವರ್ಷ ವಿಚಾರಣೆಗೆಂದು ರಾಯಲ್ ಕಮಿಷನ್ ಬಂದಿತು.

ಕಟ್ಟಿಹಾಕಲೆಂದು ಬರೆದ ಆ ದಫ್ತರಗಳೇ ಇಂದು ಮೊಮ್ಮಕ್ಕಳ ಮಕ್ಕಳಿಗೆ ವಂಶಾವಳಿ! ಮಹಾತ್ಮಾ ಗಾಂಧಿ ಇನ್‌ಸ್ಟಿಟ್ಯೂಟಿನಲ್ಲಿ ಅವುಗಳನ್ನು ಕಾಪಾಡಿಟ್ಟಿದ್ದಾರೆ. ಮುತ್ತಜ್ಜನ ಊರನ್ನರಸುವವರು ಅಲ್ಲಿಗೆ ಹೋಗುವರು. ಅರಸುವುದು ಸುಲಭವಲ್ಲ. ಭೋಜಪುರಿಯ ಹೆಸರನ್ನು ಗುಮಾಸ್ತನು ತನ್ನ ಕಿವಿಗೆ ಬಿದ್ದಂತೆ ಬರೆದಿರುವನು. ಒಬ್ಬನ ಸ್ವಂತ ಹೆಸರು ಮುಂದಿನವರಿಗೆ ಮನೆತನದ ಹೆಸರಾಗಿರುವುದು. ಹಾಗಿದ್ದರೂ ಆ ಎಳೆಗಳು ಕಡಿದುಹೋಗಿಲ್ಲ. 1968ರಲ್ಲಿ ಸ್ವತಂತ್ರ ಮಾರಿಷಸ್ಸಿನ ಮೊದಲ ಪ್ರಧಾನಿಯಾದ ಶಿವಸಾಗರ ರಾಮಗುಲಾಮರ ತಂದೆಯು ಬಿಹಾರದಿಂದ ಬಂದ ಕೂಲಿಗಾರ. 2024ನೆಯ ಮಾರ್ಚಿಯಲ್ಲಿ ಭಾರತದ ರಾಷ್ಟ್ರಪತಿಗಳು ಆ ದ್ವೀಪಕ್ಕೆ ಹೋದಾಗ, ಏಳನೆಯ ತಲೆಮಾರಿನವರೂ ಸಾಗರೋತ್ತರ ಭಾರತೀಯ ನಾಗರಿಕರ ಚೀಟಿಗೆ ಅರ್ಹರೆಂದು ಸಾರಿದರು. ಒಂದು ಚೀಟಿಯಿಂದ ಬಳಲಿದವನ ಸಂತತಿಗೆ ಇನ್ನೊಂದು ಚೀಟಿ ಹೆಮ್ಮೆಯಾಯಿತು.

ಈ ಹೆಮ್ಮೆಯನ್ನು ಕೃತಕವೆನ್ನುವವರಿದ್ದಾರೆ. ಮನೆಯಲ್ಲಿ ಬಹುಮಂದಿಗೆ ಕ್ರಿಯೋಲ್ ಮಾತೇ ರೂಢಿ. ಭೋಜಪುರಿಯು ವರ್ಷವರ್ಷಕ್ಕೆ ಹಿಂದೆ ಸರಿಯುತ್ತಿದೆ. ಗ್ರ್ಯಾಂಡ್ ಬಸಾಂ ಎಂಬ ಬೆಟ್ಟದ ಕೊಳಕ್ಕೆ 1972ರಲ್ಲಿ ಗಂಗಾಜಲವನ್ನು ಬೆರೆಸಿ, ಗಂಗಾ ತಲಾವ್ ಎಂದು ಕರೆದರು. ಆದರೆ ಬಾವಿ ತೋಡಿದಲ್ಲೆಲ್ಲ ಗಂಗೆ ಬಂದಳೆನ್ನುವ ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರಲಾರದು. ಮದುವೆಮನೆಗಳಲ್ಲಿ ಹೆಂಗಸರು ಹಾಡಿಕೊಂಡು ಬಂದ ಗೀತ್ ಗವಾಯಿಯಂತೂ ಯಾರೂ ಹೊಸದಾಗಿ ಹೂಡಿದುದಲ್ಲ. 2016ರಲ್ಲಿ ಯುನೆಸ್ಕೋ ಅದನ್ನು ತನ್ನ ಪಟ್ಟಿಗೆ ಸೇರಿಸಿತು. ಆಪ್ರವಾಸಿ ಘಾಟ್ 2006ರಲ್ಲಿಯೇ ವಿಶ್ವಪರಂಪರೆಯ ತಾಣವಾಗಿದ್ದಿತು.

ಅದೇ ದ್ವೀಪದಲ್ಲಿ ಆಫ್ರಿಕದಿಂದ ತಂದ ಗುಲಾಮರ ಸಂತತಿಯೂ ಉಂಟು. ಓಡಿಹೋದ ಗುಲಾಮರಿಗೆ ಆಸರೆಯಾಗಿದ್ದ ಲೆ ಮೋರ್ನ್ ಬೆಟ್ಟಕ್ಕೆ 2008ರಲ್ಲಿ ಅದೇ ಮನ್ನಣೆ ದೊರೆಯಿತು. ಗುಲಾಮರ ಲೆಕ್ಕವನ್ನೂ ಬರೆದಿಟ್ಟಿದ್ದಾರೆ. ಅಲ್ಲಿ ಒಡೆಯನು ಇಟ್ಟ ಹೆಸರಿರುವುದು, ಮುಂದೆ ಮೊಜಾಂಬಿಕ್ ಎಂದೋ ಮಡಗಾಸ್ಕರ್ ಎಂದೋ ಒಂದು ಮಾತಿರುವುದು. ಹುಟ್ಟಿದ ಹಳ್ಳಿಯ ಹೆಸರನ್ನು ಬಹುಶಃ ಯಾರೂ ಕೇಳಿರಲಿಲ್ಲ.