ಯಜಮಾನಿಕೆಯಿಂದ ಪಂಚಾಯಿತಿಗೆ

ಹತ್ತು ಜನ ಕೂಡಿ ಮಾಡುವ ಕೆಲಸದಲ್ಲಿ ಕೊನೆಯ ಮಾತು ಯಾರದು? ಮನೆಗೂ ಮಠಕ್ಕೂ ರಾಜ್ಯಕ್ಕೂ ಹಿಂದಿನಿಂದ ಅಂಟಿಬಂದ ಪ್ರಶ್ನೆಯಿದು. ದಂಡಿಸುವ ಅಧಿಕಾರವೇ ಇಲ್ಲದ ಸ್ವಯಂಸೇವಕರ ನಡುವೆ ಇದು ಎದ್ದರೆ ಏನಾಗುವುದೆಂಬುದಕ್ಕೆ ಗಣಕಯಂತ್ರದ ಲೋಕದಲ್ಲಿ ಒಂದು ಸ್ವಾರಸ್ಯವಾದ ಇತಿಹಾಸವುಂಟು.

ಗಣಕಯಂತ್ರಕ್ಕೆ ಕೊಡುವ ಆದೇಶಗಳ ಮಾಲೆಯೇ ತಂತ್ರಾಂಶ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದರೆ ಅದು ಮುಕ್ತ ತಂತ್ರಾಂಶ. ತಿದ್ದುಪಡಿ ಸೂಚಿಸುವವರು ನೂರಾರು ಮಂದಿ. ಯಾವುದು ಅಧಿಕೃತ ಪಾಠಕ್ಕೆ ಸೇರತಕ್ಕದ್ದೆಂದು ನಿರ್ಣಯಿಸುವವರು ಕೆಲವರೇ. ಓಲೆಗರಿಗಳ ಪಾಠಾಂತರಗಳನ್ನು ತೂಗಿನೋಡುವ ಗ್ರಂಥಸಂಪಾದಕನ ಸ್ಥಾನ ಅವರದು.

ಇಂಥ ಆದೇಶಗಳನ್ನು ಬರೆಯುವ ಭಾಷೆಗಳಲ್ಲಿ ಪೈಥಾನ್ ಒಂದು. ಹಾಲೆಂಡಿನ ಗೀಡೊ ವಾನ್ ರಾಸಮ್ ಎಂಬವರು 1989ರ ಕ್ರಿಸ್‌ಮಸ್ ರಜೆಯಲ್ಲಿ ಇದನ್ನು ಕಟ್ಟಲಾರಂಭಿಸಿ 1991ರಲ್ಲಿ ಹೊರತಂದರು. 1995ರಲ್ಲಿ ಸಂಗಡಿಗರು ಅವರಿಗೆ ‘ಆಜೀವ ಪರೋಪಕಾರಿ ಸರ್ವಾಧಿಕಾರಿ’ ಎಂಬರ್ಥದ ಬಿರುದನ್ನು ವಿನೋದಕ್ಕಾಗಿ ಕೊಟ್ಟರು. ವಿನೋದವೇ ಪದ್ಧತಿಯಾಗಿ ನಿಂತಿತು. ವಾದ ಎಷ್ಟೇ ಬೆಳೆಯಲಿ, ತೀರ್ಪು ಅವರದು.

2018ರಲ್ಲಿ ಬಂದ ಜಗಳ ಒಂದು ಚಿಹ್ನೆಯನ್ನು ಕುರಿತದ್ದೆಂದರೆ ನೀವು ನಗಬಹುದು. ಮೇಲೊಂದು ಕೆಳಗೊಂದು ಚುಕ್ಕೆ, ಅದರ ಬದಿಗೆ ಸಮಚಿಹ್ನೆ. ಲೆಕ್ಕದ ನಡುವೆಯೇ ಬಂದ ಬೆಲೆಗೆ ಹೆಸರಿಟ್ಟುಕೊಳ್ಳಲು ಇದು ಸಾಧನ. ಒಂದೇ ಲೆಕ್ಕವನ್ನು ಎರಡು ಬಾರಿ ಬರೆಯುವ ಶ್ರಮ ತಪ್ಪುವುದೆಂದು ಒಂದು ಪಕ್ಷ. ಭಾಷೆಯ ಸರಳತೆ ಕೆಡುವುದೆಂದು ಇನ್ನೊಂದು ಪಕ್ಷ. 572ನೆಯ ಸಂಖ್ಯೆಯ ಈ ಸಲಹೆಯ ಕರ್ತೃಗಳಲ್ಲಿ ಗೀಡೊ ಸಹ ಒಬ್ಬರು, ತೀರ್ಪುಗಾರರೂ ಅವರೇ! ಸಲಹೆ ಅಂಗೀಕಾರವಾಯಿತು. ಆದರೆ ಕಹಿ ಉಳಿಯಿತು. ಇಷ್ಟೊಂದು ಹೋರಾಡಿ ಇಷ್ಟೊಂದು ಜನರ ತಿರಸ್ಕಾರ ಪಡೆಯುವುದು ಇನ್ನು ಬೇಡವೆಂದು ಬೇಸತ್ತು, ಜುಲೈ 12ರಂದು ಅವರು ಪಟ್ಟವನ್ನು ತ್ಯಜಿಸಿದರು. ಉತ್ತರಾಧಿಕಾರಿಯನ್ನೂ ಹೆಸರಿಸಲಿಲ್ಲ.

ಅರಸನಿಲ್ಲದ ನಾಡು ಒಡೆಯುವುದನ್ನು ಚರಿತ್ರೆಯಲ್ಲಿ ಓದಿದ್ದೇವೆ. ಇಲ್ಲಿಯಂತೂ ಮೂಲಪಾಠ ಎಲ್ಲರ ಕೈಯಲ್ಲೂ ಇದ್ದುದರಿಂದ, ಒಪ್ಪದವರು ಪ್ರತಿಯೊಂದನ್ನು ಹಿಡಿದು ಬೇರೆ ಒಲೆ ಹೂಡಬಹುದಾಗಿತ್ತು. ಹಾಗಾಗಲಿಲ್ಲ. ಆಡಳಿತ ಹೇಗಿರಬೇಕೆಂಬುದಕ್ಕೆ ಏಳು ಯೋಜನೆಗಳು ಬಂದವು. ಒಬ್ಬನೇ ನಾಯಕನಿರಲಿ ಎಂದಿತು ಒಂದು. ಕೇಂದ್ರಾಧಿಕಾರವೇ ಬೇಡವೆಂದಿತು ಮತ್ತೊಂದು. ಡಿಸೆಂಬರಿನಲ್ಲಿ ಪ್ರಮುಖ ಕೆಲಸಗಾರರು ಮತ ಹಾಕಿ ಐವರ ಸಮಿತಿಯನ್ನು ಆರಿಸಿಕೊಂಡರು. ಅದರ ನಿಯಮಗಳನ್ನು ಗಮನಿಸಿ. ಒಂದೇ ಸಂಸ್ಥೆಯ ನೌಕರರು ಇಬ್ಬರಿಗಿಂತ ಹೆಚ್ಚಿರಕೂಡದು. ಮೂರರಲ್ಲಿ ಎರಡು ಪಾಲು ಮತಗಳಿಂದ ಸಮಿತಿಯನ್ನು ಇಳಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಸಮಿತಿಯು ತನ್ನ ಅಧಿಕಾರವನ್ನು ಆದಷ್ಟು ಕಡಿಮೆ ಬಳಸಿ, ಒಮ್ಮತಕ್ಕೆ ಯತ್ನಿಸತಕ್ಕದ್ದು.

2019ರ ಫೆಬ್ರವರಿಯಲ್ಲಿ ಚುನಾಯಿತರಾದ ಐವರಲ್ಲಿ ಗೀಡೊ ಅವರೂ ಒಬ್ಬರು. ಏಕಾಧಿಪತಿಯಾಗಿದ್ದವರು ಐವರಲ್ಲೊಬ್ಬರಾಗಿ ಕುಳಿತರು. ಮುಂದಿನ ಚುನಾವಣೆಯಲ್ಲಿ ಕಣದಿಂದಲೂ ಹಿಂದೆ ಸರಿದರು. ಕಲಹಕ್ಕೆ ಕಾರಣವಾದ ಚಿಹ್ನೆ ಅದೇ ವರ್ಷದ ಅಕ್ಟೋಬರಿನ ಆವೃತ್ತಿಯಲ್ಲಿ ಸೇರಿತು.

ನಿಮ್ಮೂರಿನ ವಾಚನಾಲಯವನ್ನೋ ನಾಟಕಸಂಘವನ್ನೋ ಕಟ್ಟಿ ಬೆಳೆಸಿದ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಅವರ ಮಾತಿಗೆ ಮನ್ನಣೆಯಿರುವ ಕಾಲದಲ್ಲಿಯೇ, ಮುಂದೆ ಭಿನ್ನಮತ ಬಂದರೆ ತೀರ್ಮಾನ ಹೇಗೆಂಬುದನ್ನು ಅವರ ಕೈಯಿಂದಲೇ ಬರೆಸಿಡುವುದು ಲೇಸು. ಪೈಥಾನಿನವರು ಅದನ್ನು ಬಿರುಗಾಳಿ ಬೀಸಿದ ಮೇಲೆ ಬರೆದರು; ಮನೆ ಉಳಿಯಿತು. ಎಲ್ಲ ಮನೆಗಳಿಗೂ ಆ ಅದೃಷ್ಟವಿರುವುದಿಲ್ಲ.