ಹೆಸರೋ, ಪ್ರಯೋಗಾಲಯವೋ? ಕೋಲಾರದ ಗಣಿ ಕಲಿಸುವ ಪಾಠ

ಉರಿಗಾಂ ಎಂದೊಡನೆ ನೆನಪಾಗುವುದು ಚಿನ್ನ. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಉರಿಗಾಂ, ಚಾಂಪಿಯನ್ ರೀಫ್, ಮೈಸೂರು, ನಂದಿದುರ್ಗ ಮೊದಲಾದ ಗಣಿಗಳು ಸಾಲಾಗಿದ್ದವು. 2001ರ ಫೆಬ್ರವರಿ 28ರಂದು ಇಲ್ಲಿ ಗಣಿಗಾರಿಕೆ ನಿಂತಿತು. ಈಗ ಉರಿಗಾಂನಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಹೆಚ್ಚಿನ ವ್ಯಾಸಂಗಕ್ಕೆ ಬ್ರಿಟನ್ನಿಗೆ ಹೋಗಬಯಸುವ ವಿದ್ಯಾರ್ಥಿ ಮೊದಲು ನೋಡುವುದು ವಿಶ್ವವಿದ್ಯಾಲಯಗಳ ರ‍್ಯಾಂಕ್ ಪಟ್ಟಿಯನ್ನು. ಸಾಲ ಮಾಡಿ ಕಳಿಸುವ ತಂದೆತಾಯಿಯರಿಗೂ ಹೆಸರಾಂತ ಸಂಸ್ಥೆಯೇ ಭರವಸೆ. ಇದು ಎಷ್ಟರಮಟ್ಟಿಗೆ ಸರಿ? ಇದೇ ಗಣಿಗಳ ಆಳದಲ್ಲಿ ನಡೆದ ಪ್ರಯೋಗವೊಂದರ ಇತಿಹಾಸದಲ್ಲಿ ಇದಕ್ಕೆ ಉತ್ತರವಿದೆ.

ಭೂಮಿಯಾಳದಲ್ಲಿ ನ್ಯೂಟ್ರಿನೊ

ವಿಶ್ವಕಿರಣಗಳು ವಾಯುಮಂಡಲವನ್ನು ತಾಕಿದಾಗ ಮ್ಯೂಆನ್ ಮತ್ತು ನ್ಯೂಟ್ರಿನೊ ಕಣಗಳು ಹುಟ್ಟುತ್ತವೆ. ಆಳಕ್ಕೆ ಇಳಿದಂತೆ ಬಂಡೆಯು ಮ್ಯೂಆನ್‌ಗಳನ್ನು ತಡೆಯುತ್ತದೆ. ನ್ಯೂಟ್ರಿನೊ ಮಾತ್ರ ಹಾಯ್ದು ಬರುತ್ತದೆ. ಅಪರೂಪಕ್ಕೊಮ್ಮೆ ಅದು ಬಂಡೆಯಲ್ಲಿ ಹೊಸ ಮ್ಯೂಆನನ್ನು ಹುಟ್ಟಿಸುತ್ತದೆ. ಅಷ್ಟು ಆಳದಲ್ಲಿ ಅಡ್ಡಡ್ಡಲಾಗಿ ಸಾಗುವ ಮ್ಯೂಆನ್ ಕಂಡರೆ ಅದು ನ್ಯೂಟ್ರಿನೊ ಬಿಟ್ಟ ಗುರುತು.

ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಈ ಗಣಿಗಳಲ್ಲಿ ಮ್ಯೂಆನ್ ಅಳತೆ ಮಾಡಿದ್ದರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, ವಾಯುಮಂಡಲದ ನ್ಯೂಟ್ರಿನೊಗಳ ಗುರುತು ದೊರೆಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡವೂ ಅದೇ ವರ್ಷ ಇದನ್ನೇ ಕಂಡಿತ್ತು. ಕೋಲಾರದ ಪ್ರಯೋಗದಲ್ಲಿ ಮೂರು ಸಂಸ್ಥೆಗಳು ಸೇರಿದ್ದವು: ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯ.

ಡರ್ಹಮ್ ಏಕೆ?

ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿರುವ ದೇಶದಿಂದ ಡರ್ಹಮ್ ಬಂದದ್ದೇಕೆ? ಬೇಕಾಗಿದ್ದ ಕುಶಲತೆ ಅಲ್ಲಿತ್ತು. ಕಣ ಹಾದುಹೋದ ದಾರಿಯನ್ನು ಬೆಳಕಿನಿಂದ ತೋರಿಸುವ ನಿಯಾನ್ ಮಿಂಚುನಳಿಗೆಗಳ ಬಳಕೆಯಲ್ಲಿ ಡರ್ಹಮ್‌ನ ಆರ್ನಾಲ್ಡ್ ವುಲ್ಫೆಂಡೇಲ್ ತಂಡ ಪಳಗಿತ್ತು. ಈ ಪರಂಪರೆ ಬಂದದ್ದು ಮ್ಯಾಂಚೆಸ್ಟರ್‌ನಿಂದ. 1947ರಲ್ಲಿ ಅಲ್ಲಿ ಹೊಸ ಕಣಗಳನ್ನು ಗುರುತಿಸಿದ್ದ ಇಬ್ಬರಲ್ಲಿ ಜಾರ್ಜ್ ರಾಚೆಸ್ಟರ್ ಒಬ್ಬರು. ಅವರು 1955ರಲ್ಲಿ ಡರ್ಹಮ್‌ಗೆ ಪ್ರಾಧ್ಯಾಪಕರಾಗಿ ಹೋದರು. ಮರುವರ್ಷ ವುಲ್ಫೆಂಡೇಲ್ ಕೂಡ ಅಲ್ಲಿಗೆ ಸೇರಿದರು.

ಭಾರತದ ತಂಡದಲ್ಲಿದ್ದ ಎಂ.ಜಿ.ಕೆ. ಮೆನನ್ ಹುಟ್ಟಿದ್ದು 1928ರಲ್ಲಿ, ಮಂಗಳೂರಿನಲ್ಲಿ. ಅವರು ಡಾಕ್ಟರೇಟ್ ಪಡೆದದ್ದು ಬ್ರಿಸ್ಟಲ್‌ನಲ್ಲಿ, ಸೆಸಿಲ್ ಪೊವೆಲ್ ಅವರ ಬಳಿ. ಛಾಯಾಚಿತ್ರದ ಲೇಪದಲ್ಲಿ ಕಣಗಳ ಜಾಡು ಹಿಡಿಯುವ ವಿಧಾನದಿಂದ ಪೈಆನ್ ಕಣವನ್ನು 1947ರಲ್ಲಿ ಕಂಡದ್ದು ಅದೇ ಪ್ರಯೋಗಾಲಯ. ಪೊವೆಲ್‌ಗೆ 1950ರ ನೊಬೆಲ್ ಪ್ರಶಸ್ತಿ ಬಂತು.

ಇದಕ್ಕೂ ಮುಂಚೆ, 1927ರಲ್ಲಿ, ಹೋಮಿ ಭಾಭಾ ಕೇಂಬ್ರಿಜ್‌ಗೆ ಹೋಗಿದ್ದರು. ಆಗ ಅಲ್ಲಿ ರುದರ್‌ಫರ್ಡ್ ಇದ್ದರು. ಪರಮಾಣು ಭೌತವಿಜ್ಞಾನಕ್ಕೆ ಅದು ತವರು. 1937ರಲ್ಲಿ ರುದರ್‌ಫರ್ಡ್ ತೀರಿಕೊಂಡ ಬಳಿಕ ಲಾರೆನ್ಸ್ ಬ್ರ್ಯಾಗ್ ಅದೇ ಪ್ರಯೋಗಾಲಯದ ಮುಖ್ಯಸ್ಥರಾದರು. ಸ್ಫಟಿಕ ರಚನೆಯ ಅಧ್ಯಯನಕ್ಕೆ ಅಲ್ಲಿ ಒತ್ತು ಬಿತ್ತು, 1953ರಲ್ಲಿ ಡಿ.ಎನ್.ಎ. ರಚನೆ ಬಿಡಿಸಿದ್ದು ಅಲ್ಲೇ. ವಿಶ್ವವಿದ್ಯಾಲಯದ ಕೀರ್ತಿ ಹಾಗೆಯೇ ಉಳಿದಿತ್ತು, ಅದರ ಬಲ ಮಾತ್ರ ಬೇರೆ ವಿಷಯಕ್ಕೆ ಸರಿದಿತ್ತು.

ಹೋಲಿಸುವ ಬಗೆ

ರ‍್ಯಾಂಕ್ ಪಟ್ಟಿಯು ಹಲವು ಅಂಶಗಳನ್ನು ಕೂಡಿಸಿ ಇಡೀ ಸಂಸ್ಥೆಗೆ ಒಂದು ಸ್ಥಾನ ಕೊಡುತ್ತದೆ. ವಿದ್ಯಾರ್ಥಿ ಸೇರುವುದು ಒಂದು ವಿಭಾಗಕ್ಕೆ; ಸಂಶೋಧನೆಯಾದರೆ ಒಬ್ಬ ಮಾರ್ಗದರ್ಶಕರ ಬಳಿಗೆ. ಆದ್ದರಿಂದ ಮೊದಲು ತನ್ನ ಪ್ರಶ್ನೆ ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ಆ ಪ್ರಶ್ನೆಯ ಮೇಲೆ ಈಚಿನ ವರ್ಷಗಳಲ್ಲಿ ಪ್ರಬಂಧ ಪ್ರಕಟಿಸಿದವರು ಯಾರು, ಅವರು ಈಗಲೂ ಅಲ್ಲೇ ಇದ್ದಾರೆಯೇ, ಬೇಕಾದ ಉಪಕರಣವಿದೆಯೇ, ವಿದ್ಯಾರ್ಥಿವೇತನ ಸಿಗುತ್ತದೆಯೇ ಎಂಬುದನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಒಂದೇ ವರ್ಷದ್ದು. ಅಲ್ಲಿಗೆ ಹೋದ ಮೇಲೆ ಇದನ್ನೆಲ್ಲ ವಿಚಾರಿಸಲು ಸಮಯ ಸಾಲದು.

ಸಂಸ್ಥೆಗಳೂ ಬದಲಾಗುತ್ತವೆ. ಒಸಾಕಾ ನಗರ ವಿಶ್ವವಿದ್ಯಾಲಯವು 2022ರಲ್ಲಿ ಇನ್ನೊಂದರೊಡನೆ ವಿಲೀನವಾಗಿ ಹೊಸ ಹೆಸರು ಪಡೆಯಿತು. ಶ್ರೀಕಂಠನ್ ಅವರಂತೂ ಸಂಶೋಧನೆ ಆರಂಭಿಸಿದ್ದು ಕೋಲಾರದ ಗಣಿಯಲ್ಲೇ. ಮುಂದೆ ಅವರು ಟಾಟಾ ಸಂಸ್ಥೆಯ ನಿರ್ದೇಶಕರಾದರು. ಆ ಕೆಲಸಕ್ಕೆ ಬೇಕಾದ ಆಳ ಇಲ್ಲಿತ್ತು. ಅದನ್ನು ಹುಡುಕಿಕೊಂಡು ಡರ್ಹಮ್, ಒಸಾಕಾದವರೇ ಇಲ್ಲಿಗೆ ಬಂದರು. ವಿದೇಶಕ್ಕೆ ಅರ್ಜಿ ಹಾಕುವ ವಿದ್ಯಾರ್ಥಿ ತನ್ನ ಪ್ರಶ್ನೆಗೆ ತಕ್ಕ ಜಾಗ ಯಾವುದೆಂದು ಮೊದಲು ಕೇಳಿಕೊಳ್ಳಲಿ. ಶಿಕ್ಷಕರು ಅದಕ್ಕೆ ನೆರವಾಗಲಿ.